ಜಸ್ತದೊಳಗಿನ ಮೂವತ್ತೊಂದು ಮುಖ

ಆ ಮಂಗಳವಾರ ಅವರು ಔರಾದದಿಂದ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಕಾಲು ತೊಳೆಯಲಿಲ್ಲ, ಹೆಗಲ ಚೀಲ ಇಳಿಸಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುಷ್ಟಿ ಮುಂದೆ ಹಿಡಿದರು.

"ಏನದ ಹೇಳು ಶೇವಂತಿ."

"ಮುಷ್ಟಿ ಅದ."

"ಅದರೊಳಗ?"

"ಮತ್ತೊಂದು ಮುಖ ಇರ್ತದ, ಇನ್ನೇನಿರ್ತದ. ರೊಟ್ಟಿ ಹೊತ್ತತದ, ಅತ್ತಾಗ ಸರೀರಿ."

ಅವರು ನಕ್ಕರು. ಮುಷ್ಟಿ ಬಿಚ್ಚಿದರು. ಒಂದು ಬೆಳ್ಳಿ ರೂಪಾಯಿ. ಅದರ ಮೇಲಿನ ರಾಜನ ಕುತ್ತಿಗೆ ಕಡಿದಂತೆ ಮುಗಿಯುವ ಜಾಗದಲ್ಲಿ ಎಳ್ಳಿನಷ್ಟು ಒಂದು ಅಕ್ಷರ. ಅದಕ್ಕಾಗಿ ಅವರು ಆರು ವರ್ಷ ಹುಡುಕಿದ್ದರು. ಚಿಂತಾಕಿಯ ಒಬ್ಬ ಮುದುಕಿಯ ಎಲೆಅಡಿಕೆ ಚೀಲದ ತಳದಲ್ಲಿ ಸಿಕ್ಕಿತಂತೆ. ಅಂದು ಪುಂಡಿಪಲ್ಯ ಮಾಡಿದ್ದೆ. ಎರಡು ರೊಟ್ಟಿ ಹೆಚ್ಚು ಉಂಡರು.

ಅದೇ ಕಡೆಯ ಒಳ್ಳೆಯ ದಿನ. ಅದರ ಮುಂದಿನ ಆದಿತ್ಯವಾರದ ಮುಂದಿನ ಆದಿತ್ಯವಾರ ಅವರು ಇರಲಿಲ್ಲ.

ಅವರು ಇದ್ದಾಗ ನಾನು ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುತ್ತೇನೆ. ಹಾವಗೆಪ್ಪ. ಅವರ ಊರು ಬೀದರ, ನನ್ನ ತವರು ಭಾಲ್ಕಿ. ಭಾಲ್ಕಿಯ ಮಠದ ಅಯ್ಯನವರ ಹತ್ತಿರ ಎರಡು ಮಳೆಗಾಲ ಅಕ್ಷರ ಕಲಿತೆ. ಅಷ್ಟರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವರ ಕೆಲಸ ಹಳೆಯ ಬೆಳ್ಳಿ ಕೊಳ್ಳುವುದು. ಭಾಲ್ಕಿಯ ಬಜಾರ, ಔರಾದದ ಬಜಾರ, ನಡುವಿನ ಎಕಂಬಾ, ಚಿಂತಾಕಿಯಂಥ ಹಳ್ಳಿಗಳು. ಮುರಿದ ಕಾಲ್ಕಡಗ, ಸವೆದ ಉಡದಾರ, ಹಳೆಯ ರೂಪಾಯಿ, ಏನು ಸಿಕ್ಕರೂ ತೂಕ ಮಾಡಿ ತರುತ್ತಿದ್ದರು. ತಂದದ್ದನ್ನು ಬೀದರದ ಚೌಬಾರಾ ಬುರುಜಿನ ಹತ್ತಿರದ ಓಣಿಯ ಸಲಾವೋದ್ದೀನರ ಬಿದ್ರಿ ಕಾರಖಾನೆಗೆ ಕೊಡುತ್ತಿದ್ದರು. ಸಲಾವೋದ್ದೀನ ಅದನ್ನು ಕರಗಿಸಿ ತಂತಿ ಎಳೆದು, ಜಸ್ತದ ಹೂಜಿ ತಟ್ಟೆಗಳಲ್ಲಿ ಗೆರೆ ಕೊರೆದು ಕೂಡಿಸುತ್ತಿದ್ದರು. ಜಸ್ತ ಎಂದರೆ ಸತುವು. ಕಡೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ತಿಕ್ಕಿದರೆ ಜಸ್ತ ಇದ್ದಿಲಿನಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ನಮ್ಮ ಕಡೆ ಆಗ ಎರಡು ರೂಪಾಯಿ ನಡೆಯುತ್ತಿದ್ದವು. ನಿಜಾಮರದು ಹಾಲಿ, ಇಂಗ್ರೇಜಿಯವರದು ಕಲ್ದಾರ. ಕರಗಿಸಲು ಬರುತ್ತಿದ್ದದ್ದು ಹೆಚ್ಚಾಗಿ ಕಲ್ದಾರ. ಮದುವೆಯಾದ ಎರಡನೆಯ ವರ್ಷ ಅವರು ಅದರಲ್ಲಿ ಒಂದನ್ನು ಬೆಂಕಿಗೆ ಕೊಡದೆ ಮನೆಗೆ ತಂದರು. ಕಾರಖಾನೆಯ ಬೆಳ್ಳಿಗೆ ತೂಕಕ್ಕೆ ತೂಕ ಸರಿಮಾಡಲು ತಮ್ಮ ಬೆರಳಿನ ಉಂಗುರ ಕೊಟ್ಟು ಬಂದಿದ್ದರು. ಉಂಗುರ ಮುಗಿದ ಮೇಲೆ ನನ್ನ ಕಾಲ್ಕಡಗ ಹೋದವು. ನಾನು ಬೈದೆ.

"ಹೆಂಡ್ತಿ ಕಾಲು ಬೋಳು, ಯಾವಳೋ ರಾಣಿ ಮುಖ ಗಂಟಿನ್ಯಾಗ. ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

"ಕಡಗ ಕರಗಿದ್ರ ಮತ್ತೊಂದು ಮಾಡಸ್ತೇನಿ. ಈಕಿ ಕರಗಿದ್ರ ಹೋದ್ಲು."

ಕಡಗ ಮಾಡಿಸಲಿಲ್ಲ. ಆದರೆ ಆ ಮುಖಗಳು ನನಗೂ ಪರಿಚಯವಾದವು. ಮೊದಲು ರಾಣಿಗಿಂತ ಹಿಂದಿನ ರಾಜ, ಬರಿದಲೆಯವನು. ಆಮೇಲೆ ರಾಣಿ, ಹುಡುಗಿಯಾಗಿದ್ದಾಗಿನದು, ಕೂದಲು ಹಿಂದೆ ಕಟ್ಟಿದವಳು. ಆಮೇಲೆ ಅವಳೇ ಕಿರೀಟ ಇಟ್ಟುಕೊಂಡದ್ದು. ಕೆಲವದರ ಹಿಂದೆ ಇಸವಿಯ ಕೆಳಗೆ ಸಣ್ಣ ಚುಕ್ಕೆಗಳು, ಒಂದರ ಮೇಲೆ ಎರಡು, ಇನ್ನೊಂದರ ಮೇಲೆ ನಾಲ್ಕು. ಆಮೇಲೆ ಅವಳ ಬೋಳುತಲೆಯ ಮಗ. ಅವರಿಗೆ ಇಂಗ್ರೇಜಿ ಓದಲು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಣ್ಣು ಮುಚ್ಚಿ ಕೂಡುತ್ತಿದ್ದರು. ನಾನು ಒಂದು ನಾಣ್ಯ ಅಂಗೈಗೆ ಇಡುತ್ತಿದ್ದೆ. ಹೆಬ್ಬೆರಳು ಒಂದು ಸಲ ಆಡಿಸಿ ಹೇಳುತ್ತಿದ್ದರು.

"ರಾಣಿ. ಕಿರೀಟದಾಕಿ. ಮೂರು ಚುಕ್ಕಿ."

ಒಮ್ಮೆಯೂ ತಪ್ಪಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ದಿನಾ ಈ ಆಟ. ಮನೆಯಲ್ಲಿ ನಾವಿಬ್ಬರೇ. ಮಕ್ಕಳಾಗಿರಲಿಲ್ಲ.

ಕಷ್ಟಗಳೂ ಇದ್ದವು. ಹಳ್ಳಿಯ ಅಕ್ಕಸಾಲಿಗರು ನಾಣ್ಯಕ್ಕೆ ಕೊಂಡಿ ಬೆಸೆದು ಸರ ಮಾಡಿಬಿಡುತ್ತಾರೆ. ಕೊಂಡಿ ಕಿತ್ತರೆ ಅಲ್ಲಿ ಗಾಯ ಉಳಿಯುತ್ತದೆ. ಒಮ್ಮೆ ನಾನೇ ಹುಣಸೆಹಣ್ಣು, ಬೂದಿ ಹಾಕಿ ಆರು ನಾಣ್ಯ ಫಳಫಳ ತಿಕ್ಕಿಟ್ಟೆ. ಅವರು ಒಂದು ಹೊತ್ತು ಉಣ್ಣಲಿಲ್ಲ.

"ಮುದುಕಿ ಮುಖ ತಿಕ್ಕಿದ್ರ ಹುಡುಗಿ ಆಗ್ತಾಳೇನು? ಮುಖ ಹೋಗ್ತದ, ಅಷ್ಟೇ."

ಭಾಲ್ಕಿಯಲ್ಲಿ ಒಮ್ಮೆ ಮೋಸವೂ ಹೋದರು. ಅನುಮಾನ ಬಂದು ಸಲಾವೋದ್ದೀನರಿಗೆ ತೋರಿಸಿದರು. ಅವರು ಕೋಟೆಯ ಮಣ್ಣು ಹಚ್ಚಿ ತಿಕ್ಕಿದರು. ನಾಣ್ಯ ಕಪ್ಪಾಯಿತು, ಬೆಳ್ಳಿಯಲ್ಲ, ಜಸ್ತ.

"ನಿನ್ನ ರಾಣಿ ಬುರ್ಖಾ ಹಾಕ್ಕೊಂಡ್ಲು ಭಾಯಿ," ಎಂದು ಸಲಾವೋದ್ದೀನ ನಕ್ಕು ಕೆಳಗೆ ಬಿದ್ದರಂತೆ.

ಎಳ್ಳಿನ ಅಕ್ಷರದ್ದು ಸೇರಿ ಮೂವತ್ತನಾಲ್ಕು ಆದವು. ಆ ಮಂಗಳವಾರದ ಮರುದಿನ, ಬುಧವಾರ. ಬೆಳ್ಳಿ ಕೊಡಲು ಕಾರಖಾನೆಗೆ ಹೋದವರು ಬೆಳ್ಳಿಯ ಗಂಟಿನ ಸಮೇತ ವಾಪಸು ಬಂದರು. ಬಾಗಿಲಿಗೆ ಅಗುಳಿ ಹಾಕಿದರು. ಹಗಲು ಹೊತ್ತು ನಮ್ಮ ಬಾಗಿಲಿಗೆ ಅಗುಳಿ ಬಿದ್ದದ್ದು ಅದೇ ಮೊದಲು.

"ಏನಾಯ್ತ್ರಿ?"

"ಸಣ್ಣಾಗಿ ಮಾತಾಡು."

ಆ ವರ್ಷ ಫಸಲಿ ೧೩೨೮, ಇಂಗ್ರೇಜಿಯವರ ಲೆಕ್ಕಕ್ಕೆ ೧೯೧೮. ಎಲ್ಲೋ ದೊಡ್ಡ ಯುದ್ಧ ನಡೆದಿತ್ತು. ಯುದ್ಧ ಬೆಳ್ಳಿಯನ್ನೆಲ್ಲ ನುಂಗಿತು, ಕಲ್ದಾರ ಸಿಗುತ್ತಿಲ್ಲ, ಕಾಗದದ ರೂಪಾಯಿ ಬಂದಿದೆ ಎನ್ನುತ್ತಿದ್ದರು. ಈಗ ಕಲ್ದಾರ ಕರಗಿಸಿದವರನ್ನು, ಮನೆಯಲ್ಲಿ ಕೂಡಿಟ್ಟವರನ್ನು ಹಿಡಿದು ಒಳಗೆ ಹಾಕುತ್ತಾರೆ ಎಂದು ಹೈದರಾಬಾದಿನಿಂದ ಬಂದ ಗಾಡಿಯವರು ಹೇಳಿದರಂತೆ. ಡಂಗುರ ಹೊಡೆದರಂತೆ. ಡಂಗುರ ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ. ಸಲಾವೋದ್ದೀನರೂ ಕೇಳಲಿಲ್ಲ. ಕೇಳಿದವರ ಮಾತು ಕೇಳಿದವರೇ ಎಲ್ಲರೂ. ಅಷ್ಟು ಸಾಕಾಯಿತು.

"ಬಜಾರಿಗಿ ಕೊಟ್ಟು ಜೋಳ ತಂದುಬಿಡ್ರಿ," ಎಂದೆ.

"ಮೂವತ್ನಾಲ್ಕು ಹಳಿ ಮುಖ ಒಮ್ಮಿಗೇ ಬಜಾರಕ್ಕ ಹೋದ್ರ ಯಾರೂ ಕೇಳಂಗಿಲ್ಲೇನು? ಯಾರ ಮನಿಂದು ಅಂತ?"

"ಹಂಗಾದ್ರ ಕರಗಸ್ರಿ."

ಅವರು ನನ್ನ ಮುಖ ನೋಡಿದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ದಿನ ನಾಣ್ಯದ ಗಂಟು ಮನೆಯಲ್ಲಿ ಜಾಗ ಬದಲಿಸಿತು. ಜೋಳದ ಗುಮ್ಮಿ, ಕುಳ್ಳಿನ ರಾಶಿ, ತೊಟ್ಟಿಯ ಕೆಳಗೆ. ಎಲ್ಲಿಟ್ಟರೂ ಅಲ್ಲೇ ಕಣ್ಣು ಹೋಗುತ್ತಿತ್ತು. ನೆಲ ಅಗೆಯೋಣವೆಂದರೆ ನಮ್ಮದು ಕೆಂಪು ಮುರಕಲ್ಲಿನ ನೆಲ. ಹಾರೆ ಬಿದ್ದರೆ ಓಣಿಗೆಲ್ಲ ಕೇಳುತ್ತದೆ. ಅವರ ಊಟ ನಿಂತಿತು. ಹೊರಗೆ ನಾಯಿ ಬೊಗಳಿದರೆ ಏಳುತ್ತಿದ್ದರು.

ದಾರಿ ತೋರಿಸಿದವರು ಸಲಾವೋದ್ದೀನ. ಶುಕ್ರವಾರ ಕಾರಖಾನೆಗೆ ರಜೆ. ನಮಾಜು ಮುಗಿಸಿ ಬಂದು ನಮ್ಮಿಬ್ಬರನ್ನೂ ಕರೆದರು. ನಾನು ಗಂಟನ್ನು ಕುಳ್ಳಿನ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೋದೆ. ಅವರು ಹತ್ತು ಮಾರು ಹಿಂದೆ, ಬೇರೆಯವರಂತೆ ಬಂದರು. ಬುಟ್ಟಿಯಲ್ಲಿ ಸದ್ದಾಗದಂತೆ ಕುತ್ತಿಗೆ ಬಿಗಿ ಹಿಡಿದಿದ್ದೆ.

ನವಾಬರ ಮನೆಗಳಲ್ಲಿ ನೆಲಕ್ಕೆ ಬಿಳಿ ಚಾದರ ಹಾಸುತ್ತಾರೆ. ಅದು ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ಗುಮ್ಮಟದಂಥ ಭಾರ ಇಡುತ್ತಾರೆ. ಮೀರ್‌ಫರ್ಶ್ ಅಂತ ಅದಕ್ಕೆ ಹೆಸರು. ಬಿದ್ರಿಯವರು ಅದನ್ನು ಒಳಗೆ ಟೊಳ್ಳಾಗಿ ಮಾಡುತ್ತಾರೆ. ಸಲಾವೋದ್ದೀನ ಗಟ್ಟಿಯಾಗಿ ಎರಕ ಹೊಯ್ಯುವುದು, ನಾಣ್ಯಗಳನ್ನು ಒಳಗೆ ಇಡುವುದು ಎಂದರು.

"ಜಸ್ತ ಸಣ್ಣ ಬೆಂಕಿಗೇ ಕರಗ್ತದ. ಬೆಳ್ಳಿಗಿ ದೊಡ್ಡ ಬೆಂಕಿ ಬೇಕು. ನಿನ್ನ ರಾಜರು ಬಿಸಿನೀರಾಗ ಜಳಕ ಮಾಡಿದಂಗ ಕೂತಿರ್ತಾರ ಭಾಯಿ. ಗದ್ದಲ ಮುಗೀಲಿ, ಮತ್ತ ಕರಗಿಸಿ ತಗೀತೇನಿ. ಒಂದು ಕೂದಲು ಕೊಂಕಂಗಿಲ್ಲ."

"ಹಸಿಮಣ್ಣು ಮೆತ್ತಿ ಇಡೋಣೇನು?" ಇವರು ಕೇಳಿದರು.

"ಹಸಿ ಇದ್ರ ಸಿಡೀತದ. ಮುಖಕ್ಕ ಬಡೀತದ. ಬರೀ ಮೈಲೆ ಇಡು."

ಎರಡು ಅಚ್ಚು ಕಟ್ಟಿದರು. ದೊಡ್ಡದರಲ್ಲಿ ಮೂವತ್ತೊಂದು. ಸಣ್ಣದರಲ್ಲಿ ಎಳ್ಳಿನ ಅಕ್ಷರದ್ದು ಸೇರಿ ಅವರಿಗೆ ಎಲ್ಲಕ್ಕಿಂತ ಬೇಕಾದ ಮೂರು. ದೊಡ್ಡದು ಸಿಕ್ಕಿಬಿದ್ದರೂ ಸಣ್ಣದು ಉಳಿಯಲಿ ಎಂದು. ಜಸ್ತ ಹೊಯ್ಯುವಾಗ ಅವರು ಆಚೆ ತಿರುಗಿ ನಿಂತರು. ನಾನು ನೋಡಿದೆ. ಬೆಳ್ಳಗೆ ಗಂಜಿಯಂತೆ ಬಂದು ಮುಖಗಳನ್ನು ಮುಚ್ಚಿತು.

ತಣಿದ ಮೇಲೆ ಕೋಟೆಯ ಮಣ್ಣು ತಿಕ್ಕಿದರು. ಎರಡೂ ಕಪ್ಪಾದವು. ದೊಡ್ಡದರ ಪಕ್ಕೆಯಲ್ಲಿ ಒಂದು ಕಡೆ ಮಾತ್ರ ಬಿದಿಗೆಯ ಚಂದ್ರನಂತೆ ಬೆಳ್ಳನೆಯ ಗೆರೆ ಉಳಿಯಿತು. ಒಂದು ನಾಣ್ಯ ಅಂಚಿಗೆ ಜರುಗಿ ಹೊರಗೆ ಇಣುಕುತ್ತಿತ್ತು. ತಿಕ್ಕಿದಷ್ಟೂ ಸುತ್ತ ಕಪ್ಪಾಯಿತು, ಅದು ಬೆಳ್ಳಗಾಯಿತು. ಸಲಾವೋದ್ದೀನ ಉಳಿ ತೆಗೆದುಕೊಂಡರು. ಆ ಗೆರೆಯ ಸುತ್ತ ಬಳ್ಳಿ ಕೊರೆದು ತಂತಿ ಕೂಡಿಸಿದರು. ಸಂಜೆಯ ಹೊತ್ತಿಗೆ ಅದು ಬಳ್ಳಿಯ ಒಂದು ಎಲೆಯಾಗಿತ್ತು.

ಮನೆಗೆ ತಂದು ದೊಡ್ಡದನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟೆ. ಸಣ್ಣದನ್ನು ಲಿಂಗಪೂಜೆಯ ಗೂಡಿನಲ್ಲಿ ವಿಭೂತಿಯ ಗಟ್ಟಿಯ ಹಿಂದೆ.

ಸೋಮವಾರ ಮುಂಜಾನೆ ಕೊತ್ವಾಲಿಯ ಪೊಲೀಸ ಜವಾನ ಮುನೀರೋದ್ದೀನ ಬಂದ. ಬೆಳ್ಳಿ ವ್ಯಾಪಾರದವರ ಮನೆಗಳನ್ನೆಲ್ಲ ನೋಡುತ್ತ ಬಂದಿದ್ದ. ಅವನು ಕೆಟ್ಟವನಲ್ಲ. ದಣಿದಿದ್ದ. ಕಣ್ಣು ಕೆಂಪಾಗಿದ್ದವು. ಕೋಲಿನಿಂದ ಕುಳ್ಳು ಕೆದಕಿದ, ಗುಮ್ಮಿಗೆ ಕೈ ಹಾಕಿದ, ಕೆಮ್ಮಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಇದೇನು, ಮೀರ್‌ಫರ್ಶ್! ಚಾದರ ಎಲ್ಲದ ನವಾಬ ಸಾಹೇಬ್ರ?"

ಇವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ.

"ಚಾದರ ಎಲ್ಲಿಂದು ಬಂತ್ರಿ. ಇಲಿ ಕಾಟ. ಮುಚ್ಚಳದ ಮ್ಯಾಲ ಭಾರ ಇಡಬೇಕಲ್ರಿ. ಎರಕ ಕೆಟ್ಟಿದ್ದು, ಕಾರಖಾನ್ಯಾಗ ಬಿಸಾಟಿದ್ರು, ತಂದೇವಿ."

ಅವನು ಎರಡೂ ಕೈಯಿಂದ ಎತ್ತಿದ. ಹುಬ್ಬು ಮೇಲೆ ಹೋದವು.

"ಇಷ್ಟ್ಯಾಕ ಭಾರ ಅದ?"

"ಕೆಟ್ಟಿದ್ದು ಅಂದ್ನಲ್ರಿ. ಟೊಳ್ಳು ಆಗಿಲ್ಲ."

ಅವನ ಹೆಬ್ಬೆರಳು ಆ ಬೆಳ್ಳಿ ಎಲೆಯ ಮೇಲೆ ಇತ್ತು. ಉಜ್ಜಿ ನೋಡಿದ. ನಾನು ನನ್ನ ಉಸಿರು ಎಣಿಸಿದೆ. ಏಳು.

"ಎಲಿ ಮಾತ್ರ ಚಂದ ಮಾಡ್ಯಾನ," ಎಂದ. ಇಟ್ಟ. "ನೀರು ಕೊಡವ್ವ."

ಕುಡಿದ. ಕುಡಿಯುತ್ತ ಕೆಮ್ಮಿದ. ನೀರು, ಎಂಜಲು ಇವರ ಮುಖಕ್ಕೆ ಸಿಡಿಯಿತು. ಇವರು ಒರೆಸಿಕೊಳ್ಳಲೂ ಇಲ್ಲ, ನಗುತ್ತ ನಿಂತಿದ್ದರು. ಅವನು ಹೋದ ಮೇಲೆ ನೋಡಿದರೆ ಇವರ ಧೋತರ ತೊಯ್ದಿತ್ತು. ಇದನ್ನು ಬರೆಯಬಾರದೇನೋ. ಎಷ್ಟು ಹೆದರಿದ್ದರು ಎಂದು ಹೇಳಲು ಬೇರೆ ಮಾತು ನನಗೆ ಗೊತ್ತಿಲ್ಲ.

ಆ ದಿನಗಳಲ್ಲಿ ಮಾನಮೋಡಿ ಊರಿಗೆ ಬಂದಿತ್ತು. ಕುತ್ತಿಗೆ ಮುರಿಯುವ ಜ್ವರ, ಅದಕ್ಕೇ ಆ ಹೆಸರು. ನಮಗೆ ಕೊತ್ವಾಲಿಯ ಭಯದಲ್ಲಿ ಅದರ ಭಯ ಇರಲಿಲ್ಲ. ಬುಧವಾರ ಮುನೀರೋದ್ದೀನ ಸತ್ತನೆಂದು ಕೇಳಿದೆವು. ನಿಜ ಹೇಳುತ್ತೇನೆ, ಸಮಾಧಾನವಾಯಿತು. ಗುರುವಾರ ಇವರಿಗೆ ಜ್ವರ ಬಂತು.

ಶುಕ್ರವಾರ ತುಟಿ ನೀಲಿಯಾದವು. ಓಣಿಯಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಶನಿವಾರ ಮುಂಜಾನೆ ನನ್ನ ಸೆರಗು ಹಿಡಿದರು.

"ಎಳ್ಳಿನ ಅಕ್ಷರದ್ದು ಕೊಡು."

"ಅದು ಜಸ್ತದಾಗ ಅದರೀ."

"ಒಮ್ಮೆ ಮುಟ್ಟತೇನಿ. ಸಾಕು."

ಸಣ್ಣದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದೆ. ಹಗಲು, ಆದರೆ ದಾರಿಯಲ್ಲಿ ಮನುಷ್ಯರಿಲ್ಲ. ಎರಡು ಹೆಣ ದಾಟಿದೆ. ಬಿಟ್ಟು ಬಂದ ಹೊತ್ತಿನಲ್ಲಿ ಇವರು ಹೋಗಿಬಿಟ್ಟರೆ ಎಂಬುದೊಂದೇ ಹೆದರಿಕೆ. ಸಲಾವೋದ್ದೀನರ ಹೆಂಡತಿ ಖತೀಜಾ ಬೇಗಂ ಬಾಗಿಲು ತೆಗೆದಳು. ಅವಳೇ ತಿದಿ ಒತ್ತಿದಳು. ಸಲಾವೋದ್ದೀನ ಮೂಸೆಯಲ್ಲಿ ಇಟ್ಟು ಕರಗಿಸಿದರು. ಜಸ್ತ ನೀರಾಯಿತು. ಇಕ್ಕಳದಿಂದ ಒಂದೊಂದಾಗಿ ಮೂರು ತೆಗೆದು ತಣ್ಣೀರಿಗೆ ಹಾಕಿದರು.

ಬೊಗಸೆಯಲ್ಲಿ ತೆಗೆದು ನೋಡಿದೆ. ಮುಖ ಇರಲಿಲ್ಲ. ಮೂರರ ಮೇಲೂ ಇರಲಿಲ್ಲ. ಚೀಪಿ ಉಗುಳಿದ ಬತ್ತಾಸಿನಂತೆ ನುಣ್ಣಗಾಗಿದ್ದವು, ತೆಳ್ಳಗಾಗಿದ್ದವು. ಅಂಚು ಕಚ್ಚಿದಂತಿತ್ತು.

ಸಲಾವೋದ್ದೀನ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬಿಸಿ ಜಸ್ತ ಬೆಳ್ಳಿ ತಿಂತದಂತ ನನಗ ಗೊತ್ತಿದ್ದಿಲ್ಲ ಬಹೆನ್. ನಾವು ತಣ್ಣಗಿದ್ದಾಗೇ ಕೂಡಸ್ತೇವಿ. ನನ್ನ ಅಪ್ಪ ಮಾಡಿಲ್ಲ, ಅಜ್ಜ ಮಾಡಿಲ್ಲ. ಬೆಳ್ಳಿ ಕರಗಂಗಿಲ್ಲ ಅಂದೆ. ಕರಗಿಲ್ಲ. ತಿಂದದ."

"ಹಾಕುವಾಗ ತಿಂದಿತೋ, ಈಗ ತಗಿಯುವಾಗ ತಿಂದಿತೋ?"

"ಅಲ್ಲಾನೇ ಬಲ್ಲ."

ಖತೀಜಾ ಬೇಗಂ ನನ್ನ ಬೆನ್ನಿಗೆ ಕೈ ಇಟ್ಟು ಬಾಗಿಲ ಕಡೆ ದೂಡಿದಳು. "ಹೋಗವ್ವ. ಅದನ್ನೇ ಒಯ್ದು ಕೊಡು. ಹೋಗು."

ಇವರು ಇನ್ನೂ ಇದ್ದರು. ಕಣ್ಣು ಮುಚ್ಚಿತ್ತು. ಸಂಜೆಯ ಆಟದಲ್ಲಿ ಇಡುವಂತೆ ಒಂದು ನಾಣ್ಯ ಅಂಗೈಗೆ ಇಟ್ಟೆ. ಹೆಬ್ಬೆರಳು ಆಡಿಸಿದರು. ನಿಲ್ಲಿಸಿದರು. ಮತ್ತೆ ಆಡಿಸಿದರು. ತಿರುಗಿಸಿ ಹಿಂದೆಯೂ ಮುಟ್ಟಿದರು.

"ಶೇವಂತಿ."

"ಹಾಂ."

"ಇದು ಅದೇ ಏನು?"

"ಅದೇ ರೀ."

ಹೆಬ್ಬೆರಳು ಅಲ್ಲೇ ಒತ್ತಿ ಹಿಡಿದಿದ್ದರು. ಆಮೇಲೆ ಕಣ್ಣು ಬಿಟ್ಟರು. ಮುನೀರೋದ್ದೀನ ಬಂದ ದಿನವೂ ಆ ಕಣ್ಣಿನಲ್ಲಿ ಅಂಥ ಹೆದರಿಕೆ ನೋಡಿರಲಿಲ್ಲ.

"ನನ್ನ ಬೆರಳು ಸತ್ತಾವ," ಎಂದರು.

ನಾನು ಹೇಳಬೇಕಿತ್ತು. ಬೆರಳು ಸತ್ತಿಲ್ಲ, ರಾಜ ಸತ್ತಾನ ಎಂದು. ಹೇಳಿದರೆ ಉಳಿದ ಮೂವತ್ತೊಂದೂ ಹೋದವೆಂದು ತಿಳಿಯುತ್ತಿತ್ತು. ಹೇಳದಿದ್ದರೆ ಸಾವು ಬೆರಳಿಗೆ ಬಂತು, ಇನ್ನು ಮೇಲಕ್ಕೆ ಏರುತ್ತದೆ ಎಂದು ಅವರು ನಂಬುತ್ತಾರೆ. ಎರಡರಲ್ಲಿ ಯಾವುದು ಕಡಿಮೆ ಎಂದು ಯೋಚಿಸುತ್ತ ಕೂತೆ. ಯೋಚಿಸುವಷ್ಟರಲ್ಲಿ ಅವರಿಗೆ ಮಾತು ನಿಂತಿತು. ಆ ಕಣ್ಣು ಹಾಗೆಯೇ ಇದ್ದವು. ಆದಿತ್ಯವಾರ ಬೆಳಗಾಗುವಷ್ಟರಲ್ಲಿ ಮುಗಿಯಿತು.

ಹೊರಲು ಜನ ಸಿಗಲಿಲ್ಲ. ನಮ್ಮವರು ಇಬ್ಬರು, ಸಲಾವೋದ್ದೀನ ಒಬ್ಬರು. ನಮ್ಮ ರೂಢಿಯಂತೆ ಕೂರಿಸಿ ಮಣ್ಣು ಕೊಟ್ಟೆವು. ಮೂರು ನುಣ್ಣನೆಯ ಬಿಲ್ಲೆಗಳನ್ನು ಅವರ ಬಲಗೈಯಲ್ಲಿ ಇಟ್ಟೆ. ಮಣ್ಣು ಕೊಡಿಸಲು ಬಂದಿದ್ದ ಅಯ್ಯನವರು ಅದೇನೆಂದು ಕೇಳಲಿಲ್ಲ. ಅವರಿಗೂ ಮುಂದಿನ ಮನೆಗೆ ಹೋಗುವ ಅವಸರ ಇತ್ತು.

ಮರುವರ್ಷ ಕಲ್ದಾರಿನ ಮಾತು ಯಾರೂ ಎತ್ತಲಿಲ್ಲ. ಸಲಾವೋದ್ದೀನ ಮತ್ತೆ ಬಹಿರಂಗವಾಗಿ ಬೆಳ್ಳಿ ಕರಗಿಸಿದರು. ಬೀದರದಲ್ಲಿ ಯಾರನ್ನೂ ಹಿಡಿದದ್ದು ನಾನು ಕೇಳಲಿಲ್ಲ.

ಒಂಬತ್ತು ವರ್ಷವಾಯಿತು. ಭಾಲ್ಕಿಗೆ ಬಾ ಎಂದು ತವರಿನವರು ಕರೆದರು. ಹೋಗಲಿಲ್ಲ. ಹಪ್ಪಳ ಮಾಡಿ ಮಾರಿ ಉಣ್ಣುತ್ತೇನೆ. ಕೈ ಬಿಗಿಯಾದಾಗ ಸಲಾವೋದ್ದೀನ ಎರಡು ಸಲ ಬಂದು ಕೇಳಿದರು.

"ದೊಡ್ಡದು ಕರಗಿಸಿ ಕೊಡಲೇನು ಬಹೆನ್? ಮುಖ ಹೋದ್ರೂ ಬೆಳ್ಳಿ ಬೆಳ್ಳಿನೇ."

"ಹಾಕುವಾಗ ತಿಂದಿರಲಿಕ್ಕಿಲ್ಲ, ತಗಿಯುವಾಗಷ್ಟೇ ತಿಂದಿರಬಹುದು ಅಂದ್ರಲ್ರಿ ನೀವು."

"ಅಲ್ಲಾನೇ ಬಲ್ಲ ಅಂದೆ."

"ಹಂಗಾದ್ರ ಬ್ಯಾಡ."

ಒಳಗೆ ಮುಖಗಳು ಇದ್ದರೂ ಇರಬಹುದು. ಇಲ್ಲದೆಯೂ ಇರಬಹುದು. ಕರಗಿಸಿ ತೆರೆದರೆ, ಇದ್ದ ಮುಖಗಳೂ ಹೋಗಿ, ಎರಡೂ ಇಲ್ಲವೇ ಆಗುತ್ತದೆ.

ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತೇನೆ. ಒಳಗೆ ಬಂದು ಅಗುಳಿ ಹಾಕುತ್ತೇನೆ. ಹಿಟ್ಟಿನ ಡಬ್ಬಿಯ ಮೇಲಿನ ಭಾರ ಎರಡೂ ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಬಿದ್ರಿಗೆ ಎಣ್ಣೆ ತಪ್ಪಿದರೆ ಕಪ್ಪು ಮಾಸಿ ಬೂದಿಯಾಗುತ್ತದೆ. ಚಿಂದಿಯ ತುದಿಗೆ ಎರಡು ಹನಿ ಶೇಂಗಾ ಎಣ್ಣೆ ಹಾಕಿ ಮೇಲಿನಿಂದ ಕೆಳಗೆ ಒರೆಸುತ್ತೇನೆ. ಬೆಳ್ಳಿಯ ಎಲೆ ಬಂದಾಗ ಚಿಂದಿ ಬಿಟ್ಟು ಹೆಬ್ಬೆರಳಿನಿಂದ ಹಚ್ಚುತ್ತೇನೆ. ಅಲ್ಲಿ ನಾಣ್ಯದ ಅಂಚಿನ ಹಲ್ಲುಗಳು ಇನ್ನೂ ಇವೆ, ಬೆರಳಿಗೆ ಹತ್ತುತ್ತವೆ. ಆಮೇಲೆ ಆ ದಿನದ ಹಿಟ್ಟು ತೆಗೆದುಕೊಂಡು, ಮುಚ್ಚಳ ಹಾಕಿ, ಭಾರ ಇಡುತ್ತೇನೆ.